ಬೀಗತಿಯ ಪಾಳಿ

ಕೊಳ್ಳುವವರು ಪಾತ್ರೆಯನ್ನು ಕೈಗೆತ್ತಿಕೊಂಡು, ತಿರುಗಿಸಿ, ಬೆರಳಿನಿಂದ ಬಡಿದು ನೋಡಿದ ಮೇಲೆಯೇ ನಾವು ಮಾತು ಶುರುಮಾಡಬೇಕು. ಒಮ್ಮೆ ಕೈಗೆ ಬಂದದ್ದನ್ನು ಮರಳಿ ಕೆಳಗಿಡಲು ಮನುಷ್ಯರಿಗೆ ಮನಸ್ಸು ಬರುವುದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಎಪ್ಪತ್ತರ ದಶಕದಲ್ಲಿ ಹಾನಗಲ್ಲಿನ ಓಣಿ ಓಣಿಗೆ ಬುಟ್ಟಿ ಹೊತ್ತು ತಿರುಗುತ್ತಿದ್ದೆ. ಹಳೆಯ ಸೀರೆ, ಧೋತರ, ಅಂಗಿ ತೆಗೆದುಕೊಂಡು ಬದಲಿಗೆ ತಾಟು, ಚರಗಿ, ಡಬ್ಬಿ ಕೊಡುವ ವ್ಯಾಪಾರ. ಹಾನಗಲ್ಲಿನ ಓಣಿಗಳು ಮುಗಿದ ಮೇಲೆ ಬಸ್ಸು ಹತ್ತಿ ಶಿಗ್ಗಾಂವ, ಸವಣೂರು, ಹಿರೇಕೆರೂರು. ಬಟ್ಟೆಯ ಜರಿ, ಹರಕು, ತೇಪೆ ಎಲ್ಲವನ್ನೂ ಒಂದು ನೋಟದಲ್ಲಿ ತೂಗಬೇಕು. ಅದರ ಜೊತೆಗೆ ಮನೆಯವಳ ಬಾಯನ್ನೂ ತೂಗಬೇಕು.

ಸವಣೂರಿನಲ್ಲಿ ಒಬ್ಬಳ ಬಾಯನ್ನು ಮಾತ್ರ ನನ್ನಿಂದ ತೂಗಲಾಗಲಿಲ್ಲ. ವೀಳ್ಯದೆಲೆ ವ್ಯಾಪಾರದವರ ಮನೆ. ಗಂಡ ಪೇಟೆಗೆ ಎಲೆ ಒಯ್ಯುತ್ತಿದ್ದ, ಇವಳು ಬಾಗಿಲಲ್ಲಿ ಕುಳಿತು ಎಲೆಯ ಕಟ್ಟು ಕಟ್ಟುತ್ತಿದ್ದಳು. ಎರಡು ಹಳೆಯ ಸೀರೆ ತಂದಿಟ್ಟು ಒಂದು ದೊಡ್ಡ ತಾಟು ಕೇಳಿದಳು. ನಾನು ಆಗಲಿಕ್ಕಿಲ್ಲ ಎಂದೆ. ಅವಳು ತಾಟನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಟಣ್ ಎನಿಸಿ, ಕಿವಿಯ ಹತ್ತಿರ ಹಿಡಿದು, ಕೆಳಗಿಟ್ಟಳು. ಇನ್ನೊಂದನ್ನು ತೆಗೆದುಕೊಂಡಳು. ಅದನ್ನೂ ಇಟ್ಟಳು. ಹೀಗೆ ಐದು ತಾಟು.

"ಯವ್ವಾ, ಉಣ್ಣಾಕ ತಾಟ ಬೇಕೊ, ಗುಡಿಗೆ ಗಂಟಿ ಬೇಕೊ?" ಎಂದೆ.

"ಉಣ್ಣೂದು ಯಾವದರಾಗಾದ್ರೂ ಉಣ್ಣಬೌದು ಅಕ್ಕಾ. ಈ ದನಿ ನನ್ನ ಢೋಲಕಕ್ಕ ಕೂಡಬೇಕು," ಎಂದು ಒಳಗೆ ಹೋಗಿ ಢೋಲಕು ತಂದಳು. ಎಲೆ ಕಟ್ಟುವ ಬೆರಳುಗಳೇ ಅದರ ಮೇಲೆ ಬಿದ್ದವು. "ಬಾರಿಸು ನೋಡೂಣು," ಎಂದಳು. ನಾನು ಸೌಟಿನಿಂದ ತಾಟು ಬಾರಿಸಿದೆ. ಬಾರಿಸುತ್ತ, ಅವಳ ಜಿಪುಣತನದ ಮೇಲೆ ಅಲ್ಲೇ ನಾಲ್ಕು ಸಾಲು ಕಟ್ಟಿ ಹಾಡಿದೆ. ಅವಳು ನನ್ನ ದುರಾಸೆಯ ಮೇಲೆ ಎಂಟು ಸಾಲು ತಿರುಗಿ ಹಾಡಿದಳು. ಓಣಿಯ ಹೆಂಗಸರು ಸೇರಿಬಿಟ್ಟರು. ಕೊನೆಗೆ ತಾಟು ಅವಳಿಗೇ ಹೋಯಿತು, ನಾನು ಕೇಳಿದ್ದ ಮೂರನೆಯ ಸೀರೆ ಬರಲೇ ಇಲ್ಲ. ನನ್ನ ವ್ಯಾಪಾರದಲ್ಲಿ ನಾನು ಸೋತು ನಕ್ಕದ್ದು ಅದೊಂದೇ ಸಲ. ಇಂಥ ಬಾಯಿ ಎದುರಿಗಿದ್ದರೆ ನಷ್ಟ, ಪಕ್ಕದಲ್ಲಿದ್ದರೆ ಲಾಭ ಎಂದುಕೊಂಡೆ. ಅವಳು ನನಗೆ ಅಕ್ಕ ಅನ್ನುತ್ತಿದ್ದಳು, ನಾನು ಅವಳಿಗೆ ಅವರ ಭಾಷೆಯಲ್ಲಿ ಅಕ್ಕ, ಅಂದರೆ ಆಪಾ, ಅನ್ನುತ್ತಿದ್ದೆ. ಇಬ್ಬರಲ್ಲಿ ದೊಡ್ಡವರು ಯಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ಚಲೋ ಇತ್ತು.

ನಮ್ಮ ಕಡೆಯ ಮದುವೆಗಳಲ್ಲಿ ಬೀಗರ ಹಾಡು ಎಂಬುದೊಂದಿದೆ. ಊಟದ ಪಂಕ್ತಿ ನಡೆದಾಗ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಹೀಯಾಳಿಸುತ್ತಾರೆ: ಬೀಗನ ಹೊಟ್ಟೆ, ಬೀಗತಿಯ ನಡಿಗೆ, ಮದುಮಗನ ಮೀಸೆ, ಯಾವುದನ್ನೂ ಬಿಡುವುದಿಲ್ಲ. ಆಮೇಲೆ ಆ ಕಡೆಯವರ ಪಾಳಿ. ಅವರು ಎದ್ದು ಇವರನ್ನು ಹರಿದು ಹಾಕುತ್ತಾರೆ. ಕೊನೆಗೆ ಹಾಡಿದವರು ಹಾಡಿಸಿಕೊಂಡವರ ಬಾಯಿಗೆ ಸಕ್ಕರೆ ಹಾಕಿದರೆ, ಅಂದದ್ದೆಲ್ಲ ಅಲ್ಲಿಗೇ ಮುಗಿಯಿತು. ಸವಣೂರಿನ ಆಪಾನ ಜನರ ಮದುವೆಗಳಲ್ಲೂ ಹೆಚ್ಚುಕಡಿಮೆ ಇದೇ ನಡೆಯುತ್ತಿತ್ತು, ಭಾಷೆ ಬೇರೆ ಅಷ್ಟೆ. ಆದರೆ ಎಲ್ಲ ಕಡೆಯೂ ಮನೆಯ ಹೆಂಗಸರೇ ಒಳಮನೆಯಲ್ಲಿ ಕುಳಿತು ಸೆರಗು ಬಾಯಿಗೆ ಹಿಡಿದು ಹಾಡುತ್ತಿದ್ದರು. ನಾವಿಬ್ಬರು ಮಾಡಿದ್ದೇನೆಂದರೆ, ಹಂದರದ ನಡುವೆ ಚಾಪೆ ಹಾಕಿಸಿಕೊಂಡು, ಮೈಕು ಮುಂದಿಟ್ಟುಕೊಂಡು, ಗಂಡಸರ ಎದುರಿಗೇ ಹಾಡಿದೆವು. ಹಳೆಯ ಮಟ್ಟುಗಳನ್ನು ಬಿಟ್ಟು ಸಿನಿಮಾದ ಮಟ್ಟಿಗೆ ಕಟ್ಟಿದೆವು. ಎದುರಿನ ಕಡೆಯವರಿಗೆ ಅಂದು ಮುಗಿದ ಮೇಲೆ, ನಮ್ಮನ್ನು ಕರೆಸಿದ ಯಜಮಾನನಿಗೂ ಒಂದು ನುಡಿ ಅನ್ನುತ್ತಿದ್ದೆವು, ರುಚಿಗೆ.

ಜನ ಸುಮ್ಮನಿರಲಿಲ್ಲ. "ಒಬ್ಬಾಕಿ ಕುಂಕುಮದಾಕಿ, ಒಬ್ಬಾಕಿ ಬುರ್ಕಾದಾಕಿ, ಇಬ್ಬರಿಗೂ ಮಾನ ಇಲ್ಲ," ಎಂದರು. ಹಾಗೆಂದವರೇ ತಮ್ಮ ಮಗಳ ಮದುವೆ ಗೊತ್ತಾದ ಕೂಡಲೇ ನನ್ನ ಬುಟ್ಟಿ ಹುಡುಕಿಕೊಂಡು ಬರುತ್ತಿದ್ದರು. ನನ್ನ ಮನೆಯಲ್ಲಿ ಬೇಡ ಅನ್ನುವವರು ಅತ್ತೆಯೊಬ್ಬಳೇ. ಅವಳಿಗೆ ಕಿವಿ ಮಂದ. ಆಪಾನ ಗಂಡ ಒಂದೇ ಮಾತು ಹೇಳಿದ್ದನಂತೆ: "ಎಲ್ಲಾರ ಮನ್ಯಾಗೂ ಹಾಡು. ಮನಿಗೆ ಬಂದ ಮ್ಯಾಲ ನನಗ ಹಾಡಬ್ಯಾಡ."

ಕರಾರು ಮಾಡುವುದು ನನ್ನ ಕೆಲಸ. ಇಲ್ಲಿ ಓದುವವರಿಗೊಂದು ಮಾತು ಹೇಳುತ್ತೇನೆ, ಬೇಕಾದರೆ ಗಂಟು ಕಟ್ಟಿಕೊಳ್ಳಿ: ಕೊಡುವುದೆಷ್ಟು ಎಂದು ಯಾರ ಹತ್ತಿರವೂ ಮೊದಲು ಕೇಳಬೇಡಿ. ಕೂರಿಸುವುದೆಲ್ಲಿ ಎಂದು ಕೇಳಿ. ಒಳ್ಳೆಯ ಕಡೆ ಕೂರಿಸಿದವರು ಒಳ್ಳೆಯದನ್ನೇ ಕೊಡುತ್ತಾರೆ. ನಮ್ಮ ಚಾಪೆ ಹಂದರದ ನಡುವೆ ಇರಬೇಕು, ಊಟ ಮೊದಲ ಪಂಕ್ತಿಯಲ್ಲಿ ಆಗಬೇಕು, ಬೆಳಕಿರುವಾಗಲೇ ಬಸ್ ಸ್ಟ್ಯಾಂಡಿಗೆ ಬಿಡಬೇಕು. ಇಷ್ಟಾಗಿದ್ದರೆ ಸಾಕಿತ್ತು. ಒಂದು ಮದುವೆಯಲ್ಲಿ ಕುಡಿದ ಗಂಡಸೊಬ್ಬ ಮೈಕು ಕಸಿದುಕೊಂಡು ಅರ್ಧ ತಾಸು ಭಾಷಣ ಮಾಡಿದ ಮೇಲೆ ನಾನು ಇನ್ನೊಂದು ಕರಾರು ಸೇರಿಸಿದೆ. ನಾವು ಬಂದ ಗಳಿಗೆಯಿಂದ ಹೋಗುವ ಗಳಿಗೆಯವರೆಗೆ ಮೈಕು ನಮ್ಮದು, ಬೇರೆಯವರು ಮುಟ್ಟುವಂತಿಲ್ಲ. ಆಪಾ ಆಗಲೇ, "ಇದು ಜರಾ ಹೆಚ್ಚಾತು ಅಕ್ಕಾ," ಎಂದಿದ್ದಳು. ನಾನು ಕೇಳಲಿಲ್ಲ. ಗೆದ್ದ ಕರಾರನ್ನು ಬಿಟ್ಟುಕೊಡುವ ಅಭ್ಯಾಸ ನನಗಿರಲಿಲ್ಲ.

ಹಾಡು ಕಟ್ಟುವುದಕ್ಕೂ ನಮ್ಮದೊಂದು ಪದ್ಧತಿ ಇತ್ತು. ಮದುವೆಗೆ ಹದಿನೈದು ದಿನ ಮೊದಲು ನಾನು ಬುಟ್ಟಿ ಹೊತ್ತು ಬೀಗರ ಊರಿಗೆ ಹೋಗುತ್ತಿದ್ದೆ. ಬೀಗರ ಮನೆಗಲ್ಲ, ಅದರ ಪಕ್ಕದ ಮನೆಗೆ. ಪಾತ್ರೆ ತೋರಿಸುತ್ತ, "ಬಾಜೂ ಮನಿಯವರು ಹೆಂಗದಾರವಾ?" ಎಂದರೆ ಸಾಕು, ಹಳೆಯ ಬಟ್ಟೆಯ ಜೊತೆ ಹಾಡಿನ ಸಾಮಾನೂ ಬುಟ್ಟಿಗೆ ಬೀಳುತ್ತಿತ್ತು. ರೋಗ, ಬಡತನ, ಮಕ್ಕಳಿಲ್ಲದ ಸಂಕಟ, ಇವನ್ನು ನಾವು ಮುಟ್ಟುತ್ತಿರಲಿಲ್ಲ. ನಗಬಹುದಾದದ್ದನ್ನು ಮಾತ್ರ ಆರಿಸಿಕೊಳ್ಳುತ್ತಿದ್ದೆವು.

ಎಂಬತ್ತರ ದಶಕ ಬಂತು. ಟೇಪ್ ರೆಕಾರ್ಡರ್ ಚಹಾದಂಗಡಿಗೂ ಟೆಂಪೋಗೂ ಬಂತು. ಶಿಗ್ಗಾಂವದಲ್ಲಿ ಹೆದ್ದಾರಿಯ ಪಕ್ಕ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ ಒಬ್ಬ ನಮ್ಮ ಹಾಡು ಕೇಳಿ, ಮುಂದಿನ ಮದುವೆಗೆ ತನ್ನ ಮಶೀನು ತರುತ್ತೇನೆ ಎಂದ. ಕ್ಯಾಸೆಟ್ಟಿನ ಮೇಲೆ ನಮ್ಮ ಫೋಟೋ ಇರಬೇಕು, ತಾಟು ಮತ್ತು ಢೋಲಕು ಕಾಣಬೇಕು ಎಂದು ನಾನು ಒಂದು ವಾರ ಹಟ ಹಿಡಿದು ಗೆದ್ದೆ. ಅದಕ್ಕೆ ಆಪಾ ಹೊಸ ಕನ್ನಡಕ ಹಾಕಿಕೊಂಡು ಫೋಟೋ ತೆಗೆಸಿಕೊಂಡಳು. ಕಣ್ಣಿಗೆ ಏನೂ ಆಗಿರಲಿಲ್ಲ.

ಆ ಮುಂದಿನ ಮದುವೆ ದುಂಡಸಿಯಲ್ಲಿ. ಹೆಣ್ಣು ಅಲ್ಲಿಯದು, ಗಂಡು ಹಿರೇಕೆರೂರಿನವನು. ನನ್ನ ಪದ್ಧತಿಯಂತೆ ಹಿರೇಕೆರೂರಿಗೆ ಹೋಗಿ ಪಕ್ಕದ ಮನೆಯಲ್ಲಿ ಕುಳಿತಿದ್ದೆ. ಆ ಮನೆಯವಳು ಹೇಳಿದಳು: "ಭಾಳ ಲೆಕ್ಕಾಚಾರದಾಕಿ ರೀ ನಮ್ಮ ಬಾಜೂ ಮನಿ ಅಕ್ಕ. ರೊಟ್ಟಿ ಎಣಿಸಿ ಬುಟ್ಟಿಯೊಳಗ ಇಡ್ತಾಳ." ಇಷ್ಟೇ ಮಾತು. ಉಳಿದದ್ದು ನಾನೂ ಆಪಾನೂ ಬಸ್ಸಿನಲ್ಲಿ ಕಟ್ಟಿದ್ದು:

ಹಿರೇಕೆರೂರ ಬೀಗತಿ ಹಿಟ್ಟ ನಾದ್ಯಾಳ,
ಹದಿನಾರ ರೊಟ್ಟಿ ಬಡದು ಗ್ವಾಡಿಗೆ ಗೆರಿ ಎಳದಾಳ.
ಒಂದ ರೊಟ್ಟಿ ಕಡಿಮಿ ಬಿದ್ರ ಬೆಕ್ಕಿನ ಬಾಯಿ ತೆರಿಸ್ಯಾಳ,
ಬೀಗರ ಬಾಯಿ ತೆರಿಸೂದ ಮಾತ್ರ ಮರತ ಬಂದಾಳ.

ಹಂದರ ನಕ್ಕು ನಕ್ಕು ಬಿದ್ದಿತು. ಬೆಕ್ಕಿನ ಸಾಲಿಗೆ ಆಪಾ ಢೋಲಕಿನ ಮೇಲೆ ಬೆರಳು ಉಜ್ಜಿ ಮಿಯಾಂವ್ ಎನಿಸುತ್ತಿದ್ದಳು. ಪುನಃ ಹಾಡಿರೆಂದರು, ಪುನಃ ಹಾಡಿದೆವು. ಬೀಗತಿ, ಅಂದರೆ ಮದುಮಗನ ತಾಯಿ, ಪಂಕ್ತಿಯಲ್ಲಿ ಕುಳಿತವಳು ತಾನೂ ನಗುತ್ತಿದ್ದಳು. ಊಟ ಮುಗಿಸಿ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಗಿಸಿ, ನೇರವಾಗಿ ನಮ್ಮ ಚಾಪೆಗೆ ಬಂದಳು. ಎತ್ತರದ ಹೆಂಗಸು.

"ಚಲೋ ಅಂದ್ರಿ. ಈಗ ಮೈಕ ಇತ್ತಾಗ ತರ್ರಿ. ನನ್ನ ಪಾಳಿ," ಎಂದಳು.

ನಾನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ. "ಮೈಕ ಯಾರಿಗೂ ಕೊಡಂಗಿಲ್ಲರಿ. ಯಜಮಾನರ ಕೂಡ ಹಂಗ ಮಾತಾಗೇತಿ. ನೀವು ಹಂಗ ಬಾಯಿಲೆ ಹಾಡ್ರಿ."

"ನಿಮ್ಮದು ಊರಿಗೆಲ್ಲ ಕೇಳಬೇಕು, ನಂದು ನನ್ನ ಸೆರಗಿಗೆ ಕೇಳಬೇಕು. ಹೌದಿಲ್ಲೊ?"

"ಕರಾರು ಅಂದ್ರ ಕರಾರು ರೀ."

ಆಪಾ ನನ್ನ ತೊಡೆಗೆ ಚಿವುಟಿದಳು. ನಾನು ಹೊತ್ತು ನೋಡಿದೆ. ಬಸ್ಸಿನ ಹೊತ್ತಾಗಿತ್ತು. ಮೈಕಿನವನು ವಾಯರು ಸುತ್ತತೊಡಗಿದ. ಸಕ್ಕರೆಯ ತಟ್ಟೆ ತಂದರು. ಬೀಗತಿ ಬಾಯಿ ತೆರೆಯಲಿಲ್ಲ. ಸುಮ್ಮನೆ ತಿರುಗಿ ಹೋಗಿ ತನ್ನ ಮಂದಿಯ ನಡುವೆ ಕುಳಿತಳು. ಬಸ್ಸಿನಲ್ಲಿ ಆಪಾ ನನ್ನೊಡನೆ ಮಾತಾಡಲಿಲ್ಲ. ಅವಳಿಗೆ ತಲೆನೋವಿರಬೇಕು ಎಂದುಕೊಂಡೆ.

ಕ್ಯಾಸೆಟ್ಟು ಓಡಿತು. ಹೆದ್ದಾರಿಯ ಲಾರಿಯವರು ಒಯ್ದರು, ಟೆಂಪೋದವರು ಒಯ್ದರು, ಒಂದರಿಂದ ಇನ್ನೊಂದಕ್ಕೆ ತುಂಬಿಸಿಕೊಂಡವರೆಷ್ಟೋ. ನಾನು ಹೋದಲ್ಲೆಲ್ಲ ನನ್ನ ದನಿಯೇ ನನ್ನನ್ನು ಎದುರುಗೊಳ್ಳುತ್ತಿತ್ತು. ಹಾನಗಲ್ಲಿನ ಸಂತೆಯಲ್ಲಿ ಜನ ಪಾತ್ರೆಗಿಂತ ನನ್ನ ಮುಖ ನೋಡಲು ನಿಲ್ಲುತ್ತಿದ್ದರು. ನಾನು ಅದನ್ನೂ ವ್ಯಾಪಾರಕ್ಕೆ ಹಚ್ಚಿದೆ ಅನ್ನಿ.

ದೀಪಾವಳಿ ಮುಗಿದ ವಾರ ಸಂತೆಯಲ್ಲಿ ಇಬ್ಬರು ಬಂದು ನನ್ನ ಪಾತ್ರೆಗಳ ಮುಂದೆ ಕುಳಿತರು. ದುಂಡಸಿಯ ಆ ಹೆಣ್ಣಿನ ತಾಯಿ, ಮತ್ತು ಆ ಹೆಣ್ಣು. ತಾಯಿ ಯಾವ ಪಾತ್ರೆಯನ್ನೂ ಮುಟ್ಟಲಿಲ್ಲ.

"ನಾಗರ ಪಂಚಮಿಗೆ ಮಗಳನ್ನ ಕರಕೊಂಡ ಬಂದಿದ್ದೆ," ಎಂದಳು. "ಕಳಿಸಾಕ ಅವರ ಕಡಿಯಿಂದ ಕರಿಯಾಕ ಬರಬೇಕಲ್ಲ. ಗಣಪತಿ ಹಬ್ಬ ಹೋತು, ಮಹಾನವಮಿ ಹೋತು, ದೀಪಾವಳಿ ಹೋತು. ಯಾರೂ ಬರಲಿಲ್ಲ. ಹೇಳಿ ಕಳಿಸಿದ್ರ ಇಕಿ ಅತ್ತಿ ಏನಂದ್ಲ ಗೊತ್ತೈತೇನು? ನನ್ನ ಮರ್ಯಾದಿ ತಿರುಗಿ ಬಂದ ಮ್ಯಾಲ ಸೊಸಿ ಬರಲಿ ಅಂದ್ಲಂತ."

ನಡೆದದ್ದನ್ನು ಆಮೇಲೆ ಹುಡುಗಿ ಹೇಳಿದಳು. ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹಾಡು ದಿನವೂ ಹಚ್ಚುತ್ತಿದ್ದರು. ಅತ್ತೆ ಪೇಟೆಗೆ ಹೊರಟರೆ ಓಣಿಯ ಹುಡುಗರು ಹಿಂದಿನಿಂದ ಮಿಯಾಂವ್ ಅನ್ನುತ್ತಿದ್ದರು. ಗಿರಣಿಗೆ ಹೋದರೆ ಹಿಟ್ಟು ಬೀಸುವವನು, "ಹದಿನಾರಕ್ಕ ಸಾಕಾಗತೈತೇನ್ರಿ?" ಅನ್ನುತ್ತಿದ್ದ. ಮೊದಮೊದಲು ಆಕೆ ನಕ್ಕಳು, ಆಮೇಲೆ ಬೈದಳು, ಆಮೇಲೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು.

"ಹೊಡದಳೇನು? ಬೈದಳೇನು ನಿನಗ?" ಎಂದು ಕೇಳಿದೆ.

"ಇಲ್ಲರಿ. ನಮ್ಮತ್ತಿ ಕೆಟ್ಟಾಕಿ ಅಲ್ಲ," ಎಂದಳು ಹುಡುಗಿ. "ಎಲ್ಲಾರಿಗೂ ಎಣಿಸಿ ಹಾಕತಾಳ. ನನಗ ಎಣಿಸದ ಹಾಕತಿದ್ಲು."

ನಾನು ಬಾಯಿಯ ಮೇಲೆ ಬದುಕಿದವಳು. ಅಂದು ಮಾತ್ರ ಕೈಯೇ ಮುಂದಾಯಿತು. ಅವಳ ಕೈಯಲ್ಲಿ ಒಂದು ಡಬ್ಬಿ ಇಟ್ಟೆ. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು.

ಮರುದಿನವೇ ಶಿಗ್ಗಾಂವಕ್ಕೆ ಹೋಗಿ ಅಂಗಡಿಯವನಿಗೆ ಆ ಹಾಡು ತೆಗೆದುಹಾಕು ಎಂದೆ. ಅವನು ನಕ್ಕ. "ಅಕ್ಕಾರ, ನನ್ನ ಅಂಗಡ್ಯಾಗಿಂದ ತೆಗೀಬೌದು. ಊರ ಮಂದಿ ಮಶೀನಿನಾಗಿಂದ ಯಾರು ತೆಗೀತಾರ? ಹಾರಿದ ಹಕ್ಕಿಗೆ ಪಂಜರ ತರಾಕ ಬಂದಂಗಾತು." ಅವನು ಹೇಳಿದ್ದು ಖರೆ. ಹಂದರದಲ್ಲಿ ಅಂದ ಮಾತು ಹಂದರ ಬಿಚ್ಚಿದಾಗ ಬಿಚ್ಚಿಹೋಗುತ್ತಿತ್ತು. ಅದಕ್ಕೆಂದೇ ಸಕ್ಕರೆ, ಅದಕ್ಕೆಂದೇ ಎದುರು ಪಾಳಿ. ನಾವು ಅರ್ಧ ಹಾಡನ್ನು ಡಬ್ಬಿಯಲ್ಲಿ ಹಾಕಿ ಊರೂರಿಗೆ ಕಳಿಸಿದ್ದೆವು. ಉಳಿದ ಅರ್ಧವನ್ನು ನಾನೇ ಹಾಡಗೊಟ್ಟಿರಲಿಲ್ಲ.

ಸವಣೂರಿಗೆ ಹೋಗಿ ಆಪಾನಿಗೆ ಎಲ್ಲ ಹೇಳಿದೆ. ಅವಳು ಎಲೆಯ ಕಟ್ಟು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಒಂದು ದೊಡ್ಡ ಕೊಡ ಒಯ್ಯೂಣು," ಎಂದೆ. "ಚಲೋ ಸ್ಟೀಲಿಂದು. ಮ್ಯಾಲೊಂದು ಸೀರಿ."

"ಎಲ್ಲಾದಕ್ಕೂ ಪಾತ್ರಿ ಕೊಟ್ಟು ಬಿಡಿಸ್ಕೊಂಡ ಬರಾಕ ಹಳೆ ಬಟ್ಟಿ ಅಲ್ಲ ಅಕ್ಕಾ ಅದು. ಇಜ್ಜತ್ ಐತಿ. ಬರೀ ಕೈಲೆ ಹೋಗೂಣು. ಬೈದ್ರ ಬೈಸ್ಕೊಳ್ಳೂಣು."

ಬರಿಗೈಯಲ್ಲೇ ಹೋದೆವು. ಹಿರೇಕೆರೂರಿನ ಬಸ್ಸು ಇಳಿದಾಗ ಚಹಾದಂಗಡಿಯಲ್ಲಿ ನಮ್ಮ ಹಾಡೇ ಹಚ್ಚಿತ್ತು. ಯಾರಾದರೂ ಗುರುತು ಹಿಡಿದಾರೆಂದು ಆಪಾ ಬುರ್ಕಾ ಮುಖಕ್ಕೆ ಎಳೆದುಕೊಂಡಳು. ನಾನು ಸೆರಗು ತಲೆಯ ಮೇಲೆ ಹೊದ್ದುಕೊಂಡೆ. ಫೋಟೋ ಬೇಕೇ ಬೇಕೆಂದು ಹಟ ಹಿಡಿದವಳು ನಾನೇ.

ಬೀಗತಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ, ಅಚ್ಚರಿಯನ್ನೂ ಪಡಲಿಲ್ಲ. "ಬರ್ರಿ, ಕುಂದರ್ರಿ," ಎಂದಳು. "ಮೈಕ ತಂದೀರೊ, ಬಿಟ್ಟ ಬಂದೀರೊ?" ನೀರು ಕೊಟ್ಟಳು. ಆಪಾನಿಗೂ ನನಗೂ ಒಂದೇ ಥರದ ಲೋಟ. ಅದನ್ನು ನಾನು ಗಮನಿಸಿದೆ. ಎಲ್ಲ ಮನೆಗಳಲ್ಲೂ ಹಾಗಿರುತ್ತಿರಲಿಲ್ಲ.

"ತಪ್ಪಾಗೇತ್ರಿ," ಎಂದು ಶುರುಮಾಡಿದೆ. "ನಿಮ್ಮನ್ನ ಹೊಗಳಿ ಹೊಸಾ ಹಾಡು ಕಟ್ಟತೇವಿ. ಅದನ್ನೂ ಕ್ಯಾಸೆಟ್ಟಿನಾಗ—"

"ನೀವು ಹೊಗಳಿದ್ರ ಮಂದಿ ಇನ್ನೂ ಜಾಸ್ತಿ ನಗತಾರ. ಬ್ಯಾಡ."

"ಹಂಗಾದ್ರ ಹತ್ತು ಮಂದಿ ಮುಂದ ನಿಮ್ಮ ಕಾಲಿಗೆ—"

"ನನ್ನ ಕಾಲು ಮಣ್ಣಾಗ್ಯಾವ. ಬ್ಯಾಡ."

"ಒಂದು ಚಲೋ ಸೀರಿ—"

ಆಪಾ ನನ್ನನ್ನು ನೋಡಿದ ರೀತಿಗೆ ನಾನು ಬಾಯಿ ಮುಚ್ಚಿದೆ. ಬೀಗತಿ ಮೊರವನ್ನು ಪಕ್ಕಕ್ಕಿಟ್ಟಳು.

"ನೋಡವಾ, ಬೀಗರ ಹಾಡಿಗೆ ಸಿಟ್ಟಾಗೂ ಹೆಂಗಸಲ್ಲ ನಾನು. ನನ್ನ ಮದಿವ್ಯಾಗ ನಮ್ಮವ್ವನ್ನ ಹಿಂಗ ಹಾಡಿದ್ರು. ನಮ್ಮವ್ವ ಎದ್ದು ನಿಂತು ನಾಕು ಪಟ್ಟು ತಿರುಗಿ ಹಾಡಿದ್ಲು, ಬಾಯಾಗ ಸಕ್ರಿ ಹಾಕಿಸ್ಕೊಂಡ್ಲು, ಮುಗೀತು. ನನ್ನ ಮಾತು ನನ್ನ ಹೊಟ್ಯಾಗ ಕುಂತು ಹುಳಿ ಆಗೇತಿ. ನನಗ ನಿಮ್ಮ ಕೊಡ ಬ್ಯಾಡ, ಸೀರಿ ಬ್ಯಾಡ. ನನ್ನ ಪಾಳಿ ಕೊಡ್ರಿ. ಅದ ಮೈಕಿನಾಗ, ಅದ ಕ್ಯಾಸೆಟ್ಟಿನಾಗ. ನೀವು ಇಬ್ಬರೂ ನನ್ನ ಮುಂದ ಬಾಯಿ ಮುಚ್ಚಿ ಕುಂದ್ರಬೇಕು."

"ಆತ್ರಿ," ಎಂದೆ. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಕೂಡಲೇ ಸೇರಿಸಿದೆ: "ಅವತ್ತ ಸೊಸೀನ ಕರಕೊಂಡ ಹೋಗಬೇಕು."

"ಹಾಡಿನ ಮ್ಯಾಲ ಸೊಸಿ ಇಟ್ಟು ವ್ಯಾಪಾರ ಮಾಡತಿ ಏನ? ಹಾಡು ಮುಗೀಲಿ. ಆಮ್ಯಾಲ ನೋಡೂಣು."

ಅಷ್ಟೇ. ಮಾತು ಕೊಡಲಿಲ್ಲ. ಜೀವನದಲ್ಲಿ ನಾನು ಏನೂ ಖಾತ್ರಿ ಇಲ್ಲದೆ ಒಪ್ಪಿಕೊಂಡ ಕರಾರು ಅದೊಂದೇ.

ಶಿಗ್ಗಾಂವದ ಅಂಗಡಿಯ ಹಿಂದೆ ಗೋದಾಮಿನಂಥ ಒಂದು ಖೋಲಿ ಇತ್ತು. ಲಾರಿಗಳ ಹಾರ್ನು ಕೇಳದಿರಲೆಂದು ಕಿಟಕಿಗೆ ಕೌದಿ ಹಾಕಿ, ಬಾಗಿಲಿಗೆ ಗೋಣಿತಾಟು ಕಟ್ಟಿದ್ದರು. ಬೀಗತಿ ತನ್ನ ಓಣಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದಳು. ದುಂಡಸಿಯ ತಾಯಿ ಮಗಳು ಗೋಡೆಗೆ ಒರಗಿ ಕುಳಿತಿದ್ದರು. ಟ್ರಂಕು ತಂದಿರಲಿಲ್ಲ. ತಂದು ಮರಳಿ ಒಯ್ಯುವ ಪ್ರಸಂಗ ಬಂದರೆ ಊರಿಗೆ ಮುಖ ತೋರಿಸುವುದು ಹೇಗೆ ಎಂದು ತಾಯಿ ನನ್ನ ಕಿವಿಯಲ್ಲಿ ಹೇಳಿದಳು. ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಸೊಸೆ ಅತ್ತೆಯಿಂದ ಕಣ್ಣು ತೆಗೆಯಲಿಲ್ಲ.

ನಾನು ಅಭ್ಯಾಸಬಲದಿಂದ ತಾಟು ಕೈಗೆ ತೆಗೆದುಕೊಂಡೆ. ಬೀಗತಿ ಅದನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟು, ಆಪಾನಿಗೆ, "ನೀ ಬಾರಿಸವಾ. ನಿನ್ನ ಕೈ ಸುಳ್ಳು ಹೇಳಂಗಿಲ್ಲ," ಎಂದಳು. ಆಪಾ ಒಂದು ಸಲ ನನ್ನ ಮುಖ ನೋಡಿ, ಢೋಲಕನ್ನು ಅತ್ತ ಕಡೆಗೆ ಎಳೆದುಕೊಂಡು ಕುಳಿತಳು. ಅಂಗಡಿಯವನು ಗುಂಡಿ ಒತ್ತಿದ.

ಆ ಹೆಂಗಸು ಕಣ್ಣು ಮುಚ್ಚಲಿಲ್ಲ, ಕೆಮ್ಮಲಿಲ್ಲ, ಮೈಕಿನ ಮೇಲೆ ಊದಿ ನೋಡಲಿಲ್ಲ. ಎಷ್ಟು ದಿನ ಒಳಗೆ ಕುಳಿತು ಕಟ್ಟಿದ್ದಳೋ, ನೇರವಾಗಿ ಬಿಟ್ಟಳು:

ಎಣಿಸೇನವ್ವ ಎಣಿಸೇನಿ ರೊಟ್ಟಿ ಹದಿನಾರ,
ಎಂಟು ಮಂದಿ ಉಣ್ಣೋರ ಬಾಯಾಗ ಒಂದೂ ಇಲ್ಲ ದೂರ.
ಎಣಿಸದವ್ವನ ಮನ್ಯಾಗ ಮಗಳು ಹಸದು ಏಳತಿದ್ಲ,
ಎಣಿಸೂ ಅತ್ತಿ ಮನಿಗೆ ಬಂದು ಎರಡ ಹೆಚ್ಚ ಉಂಡ್ಲ.

ಗೋಡೆಯ ಕಡೆಯಿಂದ ಕಿಸಕ್ಕನೆ ನಗೆ ಕೇಳಿತು. ಸೊಸೆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ತಾಯಿ ಅವಳ ತೊಡೆಗೆ ಗುದ್ದಿ, ತಾನೂ ನಗಲಾರದೆ ನಗುತ್ತಿದ್ದಳು. ಬೀಗತಿ ಈಗ ಮೊದಲ ಸಲ ಆ ಕಡೆ ನೋಡಿದಳು. ಮುಂದಿನ ಸಾಲಿಗೆ ಅವಳ ದನಿ ಏರಿತು, ತಿರುಗಿದ್ದು ನನ್ನ ಕಡೆಗೆ:

ಹಾನಗಲ್ಲ ಪಾತ್ರಿಯಾಕಿ ಜರದ ಸೀರಿ ಒಯ್ದಾಳ,
ತಳಾ ಸೋರೂ ಚರಗಿ ಕೊಟ್ಟು ತಿರುಗಿ ನೋಡದ ಹೋಗ್ಯಾಳ.
ನೀರ ಹಾಕಿದ್ರ ಅಂಗಳ ತುಂಬ, ಕುಡಿಯಾಕ ಹನಿ ಇಲ್ಲ,
ಮೈಕ ಮಾತ್ರ ಬಿಗಿ ಹಿಡದಾಳ, ಅದಕ ತೂತ ಇಲ್ಲ.

ನನಗೆ ಬೆವರು ಬಂತು. ಯಾಕೆಂದರೆ ಆ ಚರಗಿ ಖರೆ. ಬೆಸುಗೆ ಬಿಟ್ಟದ್ದೆಂದು ಗೊತ್ತಿದ್ದೂ ಹಿರೇಕೆರೂರಿನ ಒಂದು ಮನೆಯಲ್ಲಿ ದಾಟಿಸಿದ್ದೆ, ಎಷ್ಟೋ ವರ್ಷಗಳ ಹಿಂದೆ. ನಾನು ಅವಳ ಪಕ್ಕದ ಮನೆಯಲ್ಲಿ ಕುಳಿತು ಅವಳ ಸುದ್ದಿ ಕೂಡಿಸಿದಂತೆ, ಅವಳು ಓಣಿ ಓಣಿಯಲ್ಲಿ ನನ್ನ ಸುದ್ದಿ ಕೂಡಿಸಿದ್ದಳು. ಆಪಾ ಬಾರಿಸುತ್ತಲೇ ಬಿದ್ದು ಬಿದ್ದು ನಗುತ್ತಿದ್ದಳು. ನಮ್ಮ ಇಷ್ಟು ವರ್ಷಗಳ ಜೋಡಿಯಲ್ಲಿ ನನಗೆ ಎಂದೂ ಅಂಥ ಗತ್ತು ಬಾರಿಸಿರಲಿಲ್ಲ. ಅವಳಿಗೂ ಪಾಳಿ ಬಂತು: ಮೇಲೆ ಹಸಿರು ಎಲೆ ಇಟ್ಟು ಒಳಗೆ ಬಾಡಿದ್ದನ್ನು ತುಂಬಿ ಕಟ್ಟುವ ಸವಣೂರಿನ ಬೆರಳುಗಳ ಮೇಲೆ ಒಂದು ನುಡಿ, ಕಣ್ಣು ನೆಟ್ಟಗಿದ್ದೂ ಕನ್ನಡಕ ಹಾಕಿದ್ದರ ಮೇಲೆ ಇನ್ನೊಂದು. "ಇದು ಜುಲುಮು, ಇದು ಜುಲುಮು!" ಎಂದು ಆಪಾ ಕೂಗಿದ್ದು ಕ್ಯಾಸೆಟ್ಟಿನಲ್ಲಿ ಹಾಗೆಯೇ ಉಳಿದಿದೆ.

ಟೇಪು ನಿಂತ ಮೇಲೆ ಬೀಗತಿ ಸೆರಗಿನ ಗಂಟು ಬಿಚ್ಚಿ ಸಕ್ಕರೆ ತೆಗೆದಳು. ಮೊದಲು ಆಪಾನ ಬಾಯಿಗೆ, ಆಮೇಲೆ ನನ್ನ ಬಾಯಿಗೆ. ನನಗೆ ಹಾಕುವಾಗ ಸ್ವಲ್ಪ ಜಾಸ್ತಿಯೇ ಒತ್ತಿದಳು ಅನ್ನಿ. ನಾನೂ ಚಿಟಿಕೆ ಸಕ್ಕರೆ ತೆಗೆದುಕೊಂಡು ಅವಳ ಮುಂದೆ ಹಿಡಿದೆ. ದುಂಡಸಿಯ ಹಂದರದಲ್ಲಿ ತೆರೆಯದ ಬಾಯಿ. ಒಂದು ಗಳಿಗೆ ನನ್ನ ಬೆರಳು ಗಾಳಿಯಲ್ಲೇ ನಿಂತಿತ್ತು. ಆಮೇಲೆ ತೆರೆದಳು.

ಈಗ ಕೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ. ಮಾತಿನವಳಿಗೆ ಸುಮ್ಮನಿರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆಪಾ ಮತ್ತೆ ಚಿವುಟಿದಳು. ಸುಮ್ಮನಿದ್ದೆ. ನನಗೆ ಅಂದಿನಿಂದ ಗೊತ್ತಾದ ಒಂದು ಮಾತು: ಎದುರಿನವರು ತಾವಾಗಿ ಕೊಡುವ ಹೊತ್ತಿನಲ್ಲಿ ಕೇಳಬಾರದು. ಕೇಳಿದರೆ ಅದು ಮತ್ತೆ ವ್ಯಾಪಾರವಾಗುತ್ತದೆ.

ಬೀಗತಿ ಎದ್ದು ಸೀರೆ ಕೊಡವಿಕೊಂಡಳು. ಗೋಡೆಯ ಹತ್ತಿರ ಹೋಗಿ ನಿಂತಳು.

"ಟ್ರಂಕ ಎಲ್ಲಿ?" ಎಂದಳು ಸೊಸೆಗೆ.

"ತಂದಿಲ್ಲರಿ ಅತ್ತಿ."

"ಯಾಕ?"

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ನನ್ನ ಮುಖ ನೋಡಿದಳು.

"ಇರಲಿ ಬಿಡು. ಆಮ್ಯಾಲ ನಿಮ್ಮಣ್ಣ ತರಲಿ," ಎಂದಳು ಅತ್ತೆ. "ನಡಿ. ಐದರ ಬಸ್ಸು ತಪ್ಪಿದ್ರ ಹಾನಗಲ್ಲಿನಾಗ ನಿಂದ್ರಬೇಕಾಗತೈತಿ. ಮೂರು ತಿಂಗಳ ಆತು, ಆ ಗಂಡಸರ ಮಾರಿ ನೋಡಿ ನೋಡಿ ಸಾಕಾಗೇತಿ ನನಗ."

ತಾಯಿ ಅಲ್ಲೇ ಕುಸಿದು ಕುಳಿತು ಅತ್ತಳು. "ಏನವ್ವಾ ಬೀಗತಿ, ನಾ ಕರಕೊಂಡ ಹೊಂಟ್ರೂ ಅಳತಿ, ಬಿಟ್ರೂ ಅಳತಿ," ಎಂದು ಅತ್ತೆ ಅವಳ ಕೈ ಹಿಡಿದು ಎಬ್ಬಿಸಿದಳು. ನನಗಂತೂ ಎದೆಯ ಮೇಲಿಂದ ಯಾರೋ ಬೀಸುಕಲ್ಲು ಇಳಿಸಿದಂತೆ ಆಯಿತು. ಒಂದು ದೊಡ್ಡ ಉಸಿರು ಬಿಟ್ಟೆ, ಅಂಗಡಿಯವನು ಏನಾಯಿತೆಂದು ತಿರುಗಿ ನೋಡಿದ.

ಕ್ಯಾಸೆಟ್ಟು ಹೊಸದಾಗಿ ಬಂತು. ಒಂದು ಬದಿಗೆ ನಾವು, ಇನ್ನೊಂದು ಬದಿಗೆ ಆಕೆ. ಹಿರೇಕೆರೂರಿನ ಚಹಾದಂಗಡಿಯಲ್ಲಿ ಎರಡನೆಯ ಬದಿಯೇ ಹೆಚ್ಚು ಓಡಿತಂತೆ. ಹಾನಗಲ್ಲಿನಲ್ಲಿ ಬಹಳ ದಿನ ಹೆಂಗಸರು ನನ್ನ ಚರಗಿಗೆ ನೀರು ಹಾಕಿ ಎತ್ತಿ ಹಿಡಿದು ನೋಡಿಯೇ ತೆಗೆದುಕೊಳ್ಳುತ್ತಿದ್ದರು. ನೋಡಲಿ ಬಿಡಿ. ಅದರ ನಂತರ ನಾನು ಸೋರುವುದನ್ನು ಮಾರಲೂ ಇಲ್ಲ. ಮೈಕಿನ ಕರಾರನ್ನೂ ಬದಲಿಸಿದೆ: ಎದುರಿನ ಕಡೆಯವರು ತಿರುಗಿ ಹಾಡುವವರೆಗೆ ನಾವು ಚಾಪೆಯಿಂದ ಏಳುವುದಿಲ್ಲ, ಬಸ್ಸು ಹೋದರೆ ಹೋಗಲಿ. ಹಾಡು ಬಾರದವರಿದ್ದರೆ ಆಪಾ ಅವರ ಪಕ್ಕ ಕುಳಿತು ನನ್ನ ಮೇಲೆ ಸಾಲು ಕಟ್ಟಿಕೊಡುತ್ತಿದ್ದಳು. ಆ ಕೆಲಸ ಅವಳಿಗೆ ಬಹಳ ಸೇರುತ್ತಿತ್ತು.

ಆಕೆಯ ಹಾಡು ತುಂಬಿಸಿದ ಆ ದಿನ ಸಂಜೆ ನಾವೆಲ್ಲ ಹೆದ್ದಾರಿಯ ಪಕ್ಕ ಬಸ್ಸಿಗೆ ನಿಂತೆವು. ಹಿರೇಕೆರೂರಿನ ಬಸ್ಸು ಬಂದಾಗ ಬೀಗತಿ ಮೊಣಕೈಯಿಂದ ನಾಲ್ಕು ಗಂಡಸರನ್ನು ಸರಿಸಿ ಹತ್ತಿ, ಕಿಟಕಿಯ ಸೀಟಿನ ಮೇಲೆ ಟವೆಲ್ಲು ಎಸೆದು, ಸೊಸೆಯನ್ನು ಅಲ್ಲಿ ಕೂರಿಸಿದಳು. ಬಸ್ಸು ಹೊರಡುವ ತನಕ ಅವಳ ಕಿವಿಯಲ್ಲಿ ಏನೋ ಹೇಳಿಕೊಡುತ್ತಿದ್ದಳು. ಹುಡುಗಿಯ ತುಟಿ ಅದನ್ನೇ ತಿರುಗಿಸಿ ಅನ್ನುತ್ತಿತ್ತು. ಸೊಸೆ ಕಿಟಕಿಯ ಸರಳಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ, ನನ್ನ ಕಡೆ ಓರೆಗಣ್ಣಿನಿಂದ ನೋಡಿ ನಕ್ಕಳು. ನನ್ನ ಮೇಲೆ ಇನ್ನೊಂದು ನುಡಿ ತಯಾರಾಗುತ್ತಿತ್ತು.